ಎರಡು ಸೀಟಿಗೆ ಇಳಿದುಹೋದ ನಾಯಿಯ ಸ್ಥಾನಮಾನದ ಕುರಿತು

ನಗರ ಸಾರಿಗೆ ಇಲಾಖೆ, ಸಂಚಾರ ಶಾಖೆ
(ಮೂರನೆಯ ಮಹಡಿ, ಲಿಫ್ಟ್ ದುರಸ್ತಿಯಲ್ಲಿದೆ)

ಸಂಖ್ಯೆ: ಸಂಶಾ/ನಾಯಿ/ಸಾಮಾನು ಹೌದೋ ಅಲ್ಲವೋ/೭
ದಿನಾಂಕ: ಮೇಲಧಿಕಾರಿಗಳ ಸಹಿ ದೊರೆತ ದಿನ

ಸುತ್ತೋಲೆ

ವಿಷಯ: ಸಾಕುನಾಯಿಗಳು ಬಸ್ಸಿನಲ್ಲಿ ಸುರಕ್ಷಿತವಾಗಿ ಪ್ರಯಾಣಿಸುವ ಬಗ್ಗೆ, ಹಾಗೂ ಅವುಗಳಲ್ಲೊಂದು ಹಾಗೆ ಪ್ರಯಾಣಿಸದೆ ಹೋದುದರಿಂದ ಅಮಾನತಿನ ಅಂಚಿಗೆ ಬಂದು ನಿಂತಿರುವ ನಿರ್ವಾಹಕರೊಬ್ಬರ ಬಗ್ಗೆ.

ಉಲ್ಲೇಖ:
೧. ಗಡಿಯಾರ ರಿಪೇರಿ ಮಾಡುವ ಪ್ರಯಾಣಿಕರೊಬ್ಬರ ದೂರು.
೨. ಚಾಲಕರ ವಿವರಣೆ.
೩. ನಿರ್ವಾಹಕರ ವಿವರಣೆ (ಲಿಖಿತವಾಗಿ ಕೇಳಿದಾಗ ಖಾಲಿ ಹಾಳೆ ಬಂದಿದ್ದು, ಆಮೇಲೆ ಬಾಯಿಮಾತಿನಲ್ಲಿ ಪಡೆದದ್ದು).
೪. ಸದರಿ ನಾಯಿಯ ಹೇಳಿಕೆ: ಪಡೆಯಲಾಗಿಲ್ಲ. ಪ್ರಯತ್ನಿಸಲಾಗಿದೆ.

ಪ್ರಸ್ತಾವನೆ:

ಶಾಲೆಯ ಮಕ್ಕಳ ಬಾಯಲ್ಲಿ 'ಸೀಟಿ ಮಾವ' ಆಗಿರುವ ಈ ಶಾಖೆಯ ನಿರ್ವಾಹಕರು ಮಾತಿನಲ್ಲಿ ಮಹಾ ಜಿಪುಣರೆಂಬುದು ಎಲ್ಲರಿಗೂ ತಿಳಿದ ವಿಷಯ. ಬೆಳಿಗ್ಗೆ ಕೊರಳಿಗೆ ಸೀಟಿ ಹಾಕಿಕೊಂಡರೆಂದರೆ ಸಂಜೆಯವರೆಗೆ ಅವರ ವ್ಯವಹಾರವೆಲ್ಲ ಅದರಲ್ಲೇ. ಒಂದು ಸೀಟಿ ಎಂದರೆ ನಿಲ್ಲು, ಎರಡು ಎಂದರೆ ಹೊರಡು. ಅವರ ಬಸ್ಸಿನ ಚಾಲಕರೂ ತಕ್ಕ ಜೋಡಿಯೇ. ಒಂದು ಕಿವಿ ಎಂಜಿನ್ನಿಗೆ, ಇನ್ನೊಂದು ಸೀಟಿಗೆ. ಉಳಿದ ಪ್ರಪಂಚ ಏನು ಹೇಳಿದರೂ ಕೇಳಿಸಿಕೊಳ್ಳಲು ಅವರಲ್ಲಿ ಮೂರನೆಯ ಕಿವಿಯಿಲ್ಲ. ಈ ಇಬ್ಬರ ನಡುವೆ ಇಷ್ಟು ವರ್ಷಗಳಲ್ಲಿ ಒಂದು ಜಗಳವೂ ನಡೆದಿಲ್ಲ. ಜಗಳಕ್ಕೆ ಬೇಕಾದಷ್ಟು ಮಾತೇ ನಡೆದಿಲ್ಲವೆಂದು ಶಾಖೆ ಭಾವಿಸುತ್ತದೆ.

ಸದರಿ ನಾಯಿಯು ದರ್ಜಿ ಕೆಲಸ ಮಾಡುವ ಹೆಂಗಸೊಬ್ಬರಿಗೆ ಸೇರಿದ್ದು. ಬಿಳಿ ಬಣ್ಣ, ಗುಂಗುರು ಕೂದಲು, ಹೆಸರು ದಾರದುಂಡೆ. ಕಿವಿಗೆ ಔಷಧಿ ಹಾಕಿಸಿಕೊಳ್ಳಲು ಪಶು ಆಸ್ಪತ್ರೆಗೆ ಹೊರಟಿತ್ತು. ದರ್ಜಿಯವರ ಅಣ್ಣ ಶಾಲೆಯೊಂದರಲ್ಲಿ ವ್ಯಾಯಾಮದ ಮೇಷ್ಟ್ರು. ಮನೆಯಲ್ಲಿ ಮನುಷ್ಯರು ಯಾರೂ ಮಾತು ಕೇಳದ ಕಾರಣ ಅವರು ತಮ್ಮ ಶಿಸ್ತನ್ನೆಲ್ಲ ನಾಯಿಗೆ ಧಾರೆ ಎರೆದಿದ್ದಾರೆ. ಸೋಫಾ ಹತ್ತಿ ಕೂತ ದಾರದುಂಡೆಗೆ ಎರಡು ಸೀಟಿ ಊದಿದರೆ ಅದು ತಕ್ಷಣ ಕೆಳಗಿಳಿದು ಬಂದು ಊದಿದವರ ಕಾಲ ಬಳಿ ಕೂರಬೇಕು. ಕೂರುತ್ತದೆ.

ಘಟನೆಯ ದಿನ ತರಕಾರಿ ಮಾರುಕಟ್ಟೆಯ ನಿಲ್ದಾಣದಲ್ಲಿ ದರ್ಜಿಯವರೂ ನಾಯಿಯೂ ಸೇರಿದಂತೆ ಜನ ಹತ್ತಿಯಾದ ಮೇಲೆ ನಿರ್ವಾಹಕರು ಎಂದಿನಂತೆ ಎರಡು ಸೀಟಿ ಊದಿದರು. ದಾರದುಂಡೆ ದರ್ಜಿಯವರ ತೊಡೆಯಿಂದ ಇಳಿದು, ಕಾಲುಗಳ ನಡುವೆ ನುಸುಳಿ, ಊದಿದವರ ಕಾಲ ಬಳಿಗೆ ಹೊರಟಿತು. ಊದಿದವರು ನಿಂತಿದ್ದುದು ತೆರೆದ ಬಾಗಿಲಿನ ಮೆಟ್ಟಿಲ ಮೇಲೆ. ಅಷ್ಟರಲ್ಲಿ ಬಸ್ಸು ಜಗ್ಗಿತು. ಕೂರಬೇಕಾದ ಜಾಗ ಮುಂದೆ ಹೋಯಿತು, ಕೂರಬೇಕಾದ ನಾಯಿ ರಸ್ತೆಯಲ್ಲಿ ಉಳಿಯಿತು.

ನಿರ್ವಾಹಕರು ಒಂದು ಸೀಟಿ ಊದಿ ಬಸ್ಸು ನಿಲ್ಲಿಸಿ ಕೆಳಗೆ ಧುಮುಕಿದ್ದಾರೆ. ನಾಯಿ ರಸ್ತೆಯ ನಡುವೆ ಯಾವ ಕಡೆ ಓಡಬೇಕೆಂದು ತಿಳಿಯದೆ ನಡುಗುತ್ತ ನಿಂತಿತ್ತು. ಎದುರಿಗೆ ನೀರಿನ ಟ್ಯಾಂಕರ್ ಬರುತ್ತಿತ್ತು. ಕೂಗೋಣವೆಂದರೆ ಹೆಸರು ಗೊತ್ತಿಲ್ಲ. ಗೊತ್ತಿದ್ದರೂ ಕೂಗಿ ಅಭ್ಯಾಸವಿಲ್ಲ. ನಿರ್ವಾಹಕರ ಜೀವ ಬಾಯಿಗೆ ಬಂತು. ಬಾಯಲ್ಲಿ ಆಗಲೇ ಸೀಟಿ ಇತ್ತು. ಎರಡು ಬಾರಿ ಊದಿದರು.

ನಾಯಿ ನೆಟ್ಟಗೆ ಬಂದು ಅವರ ಕಾಲ ಬಳಿ ಕೂತಿತು. ಬಸ್ಸು ನೆಟ್ಟಗೆ ಹೊರಟುಹೋಯಿತು.

ಈ ಬಗ್ಗೆ ಚಾಲಕರನ್ನು ವಿಚಾರಿಸಲಾಗಿ, "ಎರಡು ಸೀಟಿ ಕೇಳಿಸ್ತು, ಹೊರಟೆ. ಹಿಂದೆ ಯಾರಿದ್ದಾರೆ ಯಾರಿಲ್ಲ ಅಂತ ನೋಡೋದು ನನ್ನ ಕೆಲಸ ಅಲ್ಲ ಸಾರ್" ಎಂದಿದ್ದಾರೆ. ಬಸ್ಸಿನೊಳಗೆ ದರ್ಜಿಯವರು ಗಂಟಲು ಹರಿಯುವಂತೆ ಕಿರುಚಿದ್ದು ಕೇಳಿಸಲಿಲ್ಲವೇ ಎಂದಾಗ, "ಪ್ರಯಾಣಿಕರು ದಿನಾ ಕೂಗ್ತಾರೆ. ಕೂಗಿದಾಗೆಲ್ಲ ನಿಲ್ಲಿಸಿದ್ರೆ ಬಸ್ಸು ಡಿಪೋ ಗೇಟೇ ದಾಟಲ್ಲ" ಎಂದಿದ್ದಾರೆ. ಇದರಲ್ಲಿ ತಪ್ಪು ಹುಡುಕಲು ಶಾಖೆಗೆ ಸಾಧ್ಯವಾಗಿಲ್ಲ.

ನಿಗದಿತ ನಿಲ್ದಾಣದಲ್ಲಿ ನಿಲ್ಲಲು ಸೀಟಿ ಬೇಕಿಲ್ಲವಾದ್ದರಿಂದ ಮುಂದಿನ ನಿಲ್ದಾಣದಲ್ಲಿ ಬಸ್ಸು ನಿಂತಿತು. ನಿಂತದ್ದು ಹೊರಡಲಿಲ್ಲ, ಏಕೆಂದರೆ ಎರಡು ಸೀಟಿ ಬರಲಿಲ್ಲ. ಪ್ರಯಾಣಿಕರು ಬೈದರು, ಬೇಡಿಕೊಂಡರು. ಗಡಿಯಾರ ರಿಪೇರಿಯವರು ಚಾಲಕರ ಮೂಗಿನೆದುರು ಗಡಿಯಾರ ಹಿಡಿದರು. ಚಾಲಕರು ಕನ್ನಡಿ ಒರೆಸುತ್ತ ಕೂತಿದ್ದರು. ದರ್ಜಿಯವರು ಮಾತ್ರ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದರು. ನಡುದಾರಿಯಲ್ಲಿ ನಿರ್ವಾಹಕರು ನಾಯಿಯನ್ನು ಎದೆಗವಚಿಕೊಂಡು ಬರುತ್ತಿದ್ದರು. "ನಿಮ್ಮ ಸೀಟಿಗಿಷ್ಟು ಬೆಂಕಿ ಬೀಳ, ಅಣ್ಣಾ. ಕೊಡಿ ಇಲ್ಲಿ," ಎಂದ ದರ್ಜಿಯವರು ಮರುಗಳಿಗೆಯಲ್ಲೇ, "ಬೇಡ, ನೀವೇ ಎತ್ಕೊಂಡಿರಿ. ನನ್ನ ಕೈಲಿ ಚಪ್ಪಲಿ ಇದೆ," ಎಂದು ಅಳತೊಡಗಿದರೆಂದು ದಾಖಲಾಗಿದೆ.

ಬಸ್ಸು ಹತ್ತಿದ ಮೇಲೆ ನಿರ್ವಾಹಕರು, ಮತ್ತೆ ಅನಾಹುತ ಬೇಡವೆಂದು, ಜೀವಮಾನದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು "ರೈಟ್" ಎಂದಿದ್ದಾರೆ. ಚಾಲಕರು ತಿರುಗಿ ನೋಡಿ "ಸೀಟಿ ಎಲ್ಲಿ?" ಎಂದಿದ್ದಾರೆ. ದರ್ಜಿಯವರು ನಾಯಿಯ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿದ ನಂತರ ಬಸ್ಸು ಹೊರಟಿದೆ.

ಈಗ ಪ್ರಶ್ನೆ ಇಷ್ಟೇ. ಎತ್ತಿಕೊಂಡು ಹೋಗಬಹುದಾದದ್ದೆಲ್ಲ ಸಾಮಾನು, ಆದ್ದರಿಂದ ನಾಯಿಯೂ ಸಾಮಾನು ಎಂದು ಲೆಕ್ಕಪತ್ರ ಶಾಖೆ ಅಭಿಪ್ರಾಯಪಟ್ಟಿದೆ. (ಕೈಗೂಸುಗಳ ಬಗ್ಗೆ ಕೇಳಿದಾಗ ಆ ಶಾಖೆಯವರು ಊಟಕ್ಕೆ ಎದ್ದಿದ್ದಾರೆ.) ನಾಯಿ ಸಾಮಾನಾದರೆ, ನಿರ್ವಾಹಕರು ಒಂದು ಗಂಟುಮೂಟೆಗಾಗಿ ಬಸ್ಸು ತುಂಬ ಜನರನ್ನು ನಡುದಾರಿಯಲ್ಲಿ ಕೈಬಿಟ್ಟಂತಾಗುತ್ತದೆ, ಅಮಾನತು ತಪ್ಪದು. ನಾಯಿ ಪ್ರಯಾಣಿಕನಾದರೆ, ಬಿದ್ದ ಪ್ರಯಾಣಿಕನನ್ನು ಎತ್ತಿ ತಂದಂತಾಗುತ್ತದೆ, ಅದು ಕರ್ತವ್ಯ. ಹೀಗೆ ಒಬ್ಬ ಮನುಷ್ಯನ ಅನ್ನ ಒಂದು ನಾಯಿಯ ವ್ಯಾಖ್ಯೆಯ ಮೇಲೆ ನಿಂತಿದೆ.

ಇದು ಇತ್ಯರ್ಥವಾಗುವವರೆಗೆ ನಿರ್ವಾಹಕರ ಸೀಟಿಯನ್ನು ವಶಕ್ಕೆ ಪಡೆದು, ಅವರನ್ನು ಕಳೆದುಹೋದ ವಸ್ತುಗಳ ಕೊಠಡಿಯಲ್ಲಿ ಕೂರಿಸಲಾಗಿದೆ. ಅಲ್ಲಿ ಅವರು ಕೊಡೆಗಳ ಧೂಳು ಒರೆಸುತ್ತಾರೆ, ಒಂಟಿ ಕೈಗವಸುಗಳಿಗೆ ಜೋಡಿ ಹುಡುಕುತ್ತಾರೆ. ಆಗಾಗ ಕೈ ತಾನಾಗಿ ಕೊರಳಿಗೆ ಹೋಗಿ, ಏನೂ ಸಿಗದೆ ಕೆಳಗಿಳಿಯುತ್ತದೆ. ಮನೆಯಲ್ಲಿ ವಿಷಯ ಹೇಳಿಲ್ಲವೆಂದೂ, ದಿನಾ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಸಿಕೊಂಡೇ ಬರುತ್ತಾರೆಂದೂ ಕಾವಲುಗಾರರು ತಿಳಿಸಿದ್ದಾರೆ. ಇದನ್ನು ಕೇಳಿ ಶಾಖೆಯವರಿಗೆ ಸಂಕಟವಾಗಿದೆ. ಸಂಕಟಕ್ಕೆ ಪ್ರತ್ಯೇಕ ಕಲಂ ಇಲ್ಲದ ಕಾರಣ ಇಲ್ಲಿಯೇ ನಮೂದಿಸಲಾಗಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೂ, ನಾಯಿಯುಳ್ಳ ಹಾಗೂ ನಾಯಿಯಿಲ್ಲದ ಸಾರ್ವಜನಿಕರಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ನಾಯಿಗೆ ಕೊರಳ ಪಟ್ಟಿಯ ಬದಲು ಎದೆ ಸುತ್ತುವ ಪಟ್ಟಿ ಹಾಕತಕ್ಕದ್ದು. ಬ್ರೇಕು ಬಿದ್ದಾಗ ಕುತ್ತಿಗೆ ಉಳಿಯುತ್ತದೆ. ಹಗ್ಗದ ಇನ್ನೊಂದು ತುದಿ ಒಡೆಯರ ಕೈಯಲ್ಲೇ ಇರಬೇಕು. ಅದನ್ನು ಕಂಬಕ್ಕೆ, ಪಕ್ಕದವರ ಕೊಡೆಗೆ, ನಿದ್ದೆ ಹೋದ ಪ್ರಯಾಣಿಕರಿಗೆ ಕಟ್ಟುವುದನ್ನು ನಿಷೇಧಿಸಲಾಗಿದೆ.

೨. ನಾಯಿಯನ್ನು ಬಾಗಿಲಿನಿಂದ ದೂರ, ಒಳಬದಿಯಲ್ಲಿ ಕೂರಿಸತಕ್ಕದ್ದು. ಕಿಟಕಿಯಿಂದ ತಲೆ ಹೊರಹಾಕಲು ಬಿಡಬಾರದು. ಈ ನಿಯಮ ಮನುಷ್ಯರಿಗೆ ಮೊದಲಿನಿಂದಲೂ ಇದೆ; ನಾಯಿಗಳಾದರೂ ಪಾಲಿಸಿಯಾವೆಂದು ಇಲಾಖೆ ಆಶಿಸಿದೆ.

೩. ನಿಂತವರ ಕಾಲಡಿ ಸಿಗದಂತೆ ಬಾಲವನ್ನು ಒಳಕ್ಕೆ ಸೇರಿಸಿಕೊಳ್ಳತಕ್ಕದ್ದು. ಡೊಂಕು ಬಾಲಗಳನ್ನು ನೆಟ್ಟಗೆ ಮಾಡಿಸುವ ಹೊಣೆ ಇಲಾಖೆಯದಲ್ಲ. ಆ ಕೆಲಸಕ್ಕೆ ಕೈಹಾಕಿದವರ ಗತಿ ಎಲ್ಲರಿಗೂ ಗೊತ್ತಿದೆ.

೪. ಪ್ರಯಾಣಕ್ಕೆ ಮುಂಚೆ ನಾಯಿಗೆ ಹೊಟ್ಟೆ ಬಿರಿಯುವಂತೆ ತಿನ್ನಿಸಬಾರದು, ನೀರು ಕುಡಿಸುವುದನ್ನು ಮರೆಯಬಾರದು. ಪಕ್ಕದವರ ಊಟದ ಡಬ್ಬಿಯನ್ನೇ ದಿಟ್ಟಿಸುವ ನಾಯಿಯ ಕಣ್ಣನ್ನು ಪಕ್ಕದವರು ಎದುರಿಸಿ ನೋಡಬಾರದು. ನೋಡಿ ಸೋತು ಊಟ ಕಳೆದುಕೊಂಡವರ ಅರ್ಜಿಗಳನ್ನು ಪುರಸ್ಕರಿಸಲಾಗುವುದಿಲ್ಲ.

೫. ಒಂದು ಬಾರಿ ಬೊಗಳಿದರೆ ನಿಲ್ಲು, ಎರಡು ಬಾರಿ ಬೊಗಳಿದರೆ ಹೊರಡು ಎಂದು ಚಾಲಕರು ಭಾವಿಸತಕ್ಕದ್ದಲ್ಲ.

೬. ತಮ್ಮ ನಾಯಿ ಎಷ್ಟು ಸೀಟಿಗೆ ಏನು ಮಾಡುತ್ತದೆಂಬುದನ್ನು ಒಡೆಯರು ಹತ್ತುವ ಮುಂಚೆಯೇ ತಿಳಿಸಬೇಕು. ಎರಡು ಸೀಟಿಗೆ ಇಳಿಯುವ ನಾಯಿ ಬಸ್ಸಿನಲ್ಲಿದ್ದರೆ ಸೀಟಿ ಊದುವಂತಿಲ್ಲ. ಬದಲಾಗಿ, ಮುಂದಿನ ಸೀಟಿನ ಪ್ರಯಾಣಿಕರೊಬ್ಬರು ನಿರ್ವಾಹಕರ ಸನ್ನೆ ನೋಡಿ ಚಾಲಕರ ಬೆನ್ನು ತಟ್ಟತಕ್ಕದ್ದು: ನಿಲ್ಲಲು ಒಂದು, ಹೊರಡಲು ಎರಡು. ಇದನ್ನು ಚಾಲಕರು ಇಲಾಖೆಯ ಮೆಚ್ಚುಗೆಯೆಂದು ತಪ್ಪು ತಿಳಿಯಬಾರದು. ಬೆನ್ನು ತಟ್ಟುವ ಅಭ್ಯಾಸ ಇಲಾಖೆಗೆ ಇಲ್ಲ.

೭. ಬೆನ್ನು ತಟ್ಟಲು ಯಾರೂ ಮುಂದೆ ಬಾರದಿದ್ದಲ್ಲಿ, ಸೀಟಿ ಊದುವಾಗ ಒಡೆಯರು ನಾಯಿಯ ಎರಡೂ ಕಿವಿಗಳನ್ನು ಎರಡೂ ಕೈಗಳಿಂದ ಮುಚ್ಚತಕ್ಕದ್ದು. ಆಗ ಕಲಂ ೧ರ ಹಗ್ಗವನ್ನು ಯಾವ ಕೈಯಲ್ಲಿ ಹಿಡಿಯಬೇಕೆಂಬುದು ಪರಿಶೀಲನೆಯಲ್ಲಿದೆ.

೮. ಮೇಲಿನ ಸೂಚನೆಗಳನ್ನು ಪರೀಕ್ಷಿಸಲು ವಿಚಾರಣಾ ಸಮಿತಿಯು ಡಿಪೋದಲ್ಲಿ ಪ್ರಾತ್ಯಕ್ಷಿಕೆ ನಡೆಸಿತು. ದರ್ಜಿಯವರು ದಾರದುಂಡೆಗೆ ಎದೆಪಟ್ಟಿ ಹಾಕಿ, ಹಗ್ಗ ಹಿಡಿದು ಬಸ್ಸಿನೊಳಗೆ ಕೂತರು. ಸಮಿತಿಯ ಅಧ್ಯಕ್ಷರು ಕೆಳಗೆ ನಿಂತು ಎರಡು ಸೀಟಿ ಊದಿದರು. ನಾಯಿ ಒಮ್ಮೆ ಎಳೆದು ನೋಡಿ, ಆಗದೆಂದು ಕೂತಿತು. ಕಲಂ ೧ ಸಫಲವೆಂದು ಇದರಿಂದ ಸಾಬೀತಾಗಿದೆ. ಬಸ್ಸು ಸಮಿತಿಯನ್ನು ಕೆಳಗೇ ಬಿಟ್ಟು ಹೊರಟುಹೋಗಿ ಮುಂದಿನ ನಿಲ್ದಾಣದಲ್ಲಿ ನಿಂತಿತು. ಅಧ್ಯಕ್ಷರು ಸ್ವತಃ ಅಲ್ಲಿಯವರೆಗೆ ನಡೆದು ಹೋಗಿ ಸೀಟಿ ಊದಬೇಕಾಯಿತು. ಅಂದಿನಿಂದ ನಿರ್ವಾಹಕರ ಬಗ್ಗೆ ಅವರ ಧೋರಣೆ ಸ್ವಲ್ಪ ಮೆತ್ತಗಾಗಿದೆ.

೯. ಅಧ್ಯಕ್ಷರ ಕಾಲು ನೋಯುತ್ತಿದ್ದುದರಿಂದ ಅಂತಿಮ ವಿಚಾರಣೆಯನ್ನು ಮೂರನೆಯ ಮಹಡಿಯ ಬದಲು ಕಳೆದುಹೋದ ವಸ್ತುಗಳ ಕೊಠಡಿಯಲ್ಲೇ ನಡೆಸಲಾಯಿತು. ಬಸ್ಸು ಬಿಟ್ಟು ಇಳಿದದ್ದೇಕೆಂದು ಕೇಳಿದಾಗ ನಿರ್ವಾಹಕರು ಒರೆಸುತ್ತಿದ್ದ ಕೊಡೆಯನ್ನು ಮಡಚಿಟ್ಟು ಹೇಳಿದ್ದನ್ನು ಇದ್ದ ಹಾಗೆಯೇ ಕೊಡಲಾಗಿದೆ: "ಸೀಟಿ ಊದಿದ್ದು ನಾನು. ಅದು ಇಳಿದಿದ್ದು ನನ್ನ ಮಾತು ಕೇಳಿ. ಮಾತು ಕೇಳಿದ್ದಕ್ಕೆ ಯಾರೂ ಸಾಯಬಾರದು ಸಾರ್."

ಇದಾದ ಮೇಲೆ ಲೆಕ್ಕಪತ್ರ ಶಾಖೆಯ ಪ್ರತಿನಿಧಿಗಳು ಕೆಮ್ಮಿ, ಆದರೂ ನಿಯಮದ ಪ್ರಕಾರ ಅದು ಸಾಮಾನೇ ಎಂದರು. ಅದೇ ಹೊತ್ತಿಗೆ ಸದರಿ ಸಾಮಾನು, ಸಾಕ್ಷಿಯಾಗಿ ಬಂದಿದ್ದ ದರ್ಜಿಯವರ ಪಕ್ಕದಿಂದ ಎದ್ದು, ಯಾರೂ ಸೀಟಿ ಊದದಿದ್ದರೂ, ಸಮಿತಿಯನ್ನು ಹಾದು ಹೋಗಿ ನಿರ್ವಾಹಕರ ಬೂಟಿನ ಮೇಲೆ ತಲೆ ಇಟ್ಟು ಮಲಗಿತು. ನಿರ್ವಾಹಕರು ಕಾಲು ಕದಲಿಸಲಿಲ್ಲ. ಅವರ ಕಣ್ಣು ತುಂಬಿತ್ತು. ಸಾಮಾನು ಹೀಗೆ ವರ್ತಿಸಿದ ಉದಾಹರಣೆ ಇಲಾಖೆಯ ಹಳೆಯ ಕಡತಗಳಲ್ಲಿ ಎಲ್ಲಿಯೂ ಸಿಕ್ಕಿಲ್ಲ.

೧೦. ಆದಕಾರಣ ನಾಯಿಯು ಪ್ರಯಾಣಿಕನೆಂದು ತೀರ್ಮಾನಿಸಲಾಗಿದೆ. ಪ್ರಯಾಣಿಕನೊಬ್ಬನ ಜೊತೆ, ಬಸ್ಸು ಹೋಗಬೇಕಾದ ದಾರಿಯಲ್ಲೇ, ಬಸ್ಸು ಹೋಗಬೇಕಾದ ದಿಕ್ಕಿಗೇ ನಡೆಯುತ್ತಿದ್ದ ನಿರ್ವಾಹಕರು ಕರ್ತವ್ಯದಿಂದ ಹೊರಗಿದ್ದರೆನ್ನಲು ಬರುವುದಿಲ್ಲ. ಆ ಹೊತ್ತಿನಲ್ಲಿ ಕರ್ತವ್ಯದಿಂದ ಹೊರಗಿದ್ದದ್ದು ಬಸ್ಸು. ನಿರ್ವಾಹಕರಿಗೆ ನೀಡಿದ್ದ ನೋಟಿಸನ್ನು ಹಿಂಪಡೆಯಲಾಗಿದೆ. ಸೀಟಿಯನ್ನು ತೊಳೆದು ಹಿಂದಿರುಗಿಸಲು ಆದೇಶಿಸಲಾಗಿದೆ.

ಸಹಿ/-
(ಓದಲು ಬರುವಂತಿಲ್ಲ)
ಅಧೀಕ್ಷಕರು, ಸಂಚಾರ ಶಾಖೆ

ಪ್ರತಿಗಳು:
೧. ಲೆಕ್ಕಪತ್ರ ಶಾಖೆಗೆ: ಮಾಹಿತಿಗಾಗಿ. ಕೈಗೂಸುಗಳ ಬಗ್ಗೆ ಉತ್ತರ ಇನ್ನೂ ಬಾಕಿ ಇದೆ.
೨. ಗಡಿಯಾರ ರಿಪೇರಿಯವರಿಗೆ: ತಡವಾದದ್ದಕ್ಕೆ ವಿಷಾದದೊಂದಿಗೆ. ಇಲಾಖೆಯ ಗೋಡೆ ಗಡಿಯಾರ ನಿಂತು ಬಹಳ ದಿನಗಳಾಗಿವೆ, ಬಿಡುವಾದಾಗ ಬರುವುದು.
೩. ವ್ಯಾಯಾಮದ ಮೇಷ್ಟ್ರಿಗೆ: ನಾಯಿಗೆ ಮೂರು ಸೀಟಿಯ ಅಭ್ಯಾಸ ಮಾಡಿಸಬಹುದೇ ಎಂಬ ಕೋರಿಕೆಯೊಂದಿಗೆ.
೪. ಚಾಲಕರಿಗೆ: ಇದನ್ನು ಓದಿ ಮುಗಿಸಿದ ಮೇಲೆ ಸೀಟಿಗಾಗಿ ಕಾಯದೆ ಎದ್ದು ಹೋಗಬಹುದು.
೫. ಕಳೆದುಹೋದ ವಸ್ತುಗಳ ಕೊಠಡಿಗೆ: ಅಲ್ಲಿ ಇರಿಸಲಾಗಿರುವ ನಿರ್ವಾಹಕರನ್ನು ಅವರ ವಾರಸುದಾರರಾದ ಪ್ರಯಾಣಿಕರಿಗೆ ನಾಳೆ ಮೊದಲ ಬಸ್ಸಿನಲ್ಲೇ ಹಿಂದಿರುಗಿಸತಕ್ಕದ್ದು.