ಮಾತಾಡಿದ ಹೆಣ

ಹೊಟ್ಟೆಯನ್ನು ನಂಬಿಕೊಂಡು ನಾಟಕಕ್ಕೆ ಇಳಿಯಬಾರದು. ನಾನು ಇಳಿದೆ. ದೊಡ್ಡ ಕರುಳಿನ ಹುಣ್ಣು ವರ್ಷಗಟ್ಟಲೆ ಕಾಡುತ್ತಿದ್ದ ಕಾಲದಲ್ಲೇ ಯಲಹಂಕದ ನಮ್ಮ ಹವ್ಯಾಸಿ ತಂಡದಲ್ಲಿ ರಾಜನಾಗಿದ್ದೆ. ಶತ್ರುವಿನೆದುರು ಕತ್ತಿ ಎತ್ತಿ, "ಒಂದು ಹೆಜ್ಜೆಯೂ ಹಿಂದಿಡೆನು" ಎಂದವನೇ ಪಾಯಿಖಾನೆಗೆ ಓಡಿದೆ. ಕಿರೀಟ ತೆಗೆಯಲೂ ಪುರುಸೊತ್ತಿರಲಿಲ್ಲ. ಶತ್ರು ಸ್ವಲ್ಪ ಹೊತ್ತು ಕಾದು, ರಾಜ್ಯವನ್ನು ತಾನೇ ಆಳತೊಡಗಿದ. ಆಮೇಲೆ ನನಗೆ ಪಾತ್ರ ಸಿಗಲಿಲ್ಲ. ಪರದೆ ಎಳೆಯುವ ಕೆಲಸವನ್ನೂ ಕೊಡಲಿಲ್ಲ, ಹಗ್ಗ ಬಿಟ್ಟು ಓಡಿದರೆ ಎಂಬ ಭಯ.

ಕೊನೆಗೆ ಡಾಕ್ಟರು ಕೆಟ್ಟ ಕರುಳನ್ನು ಕತ್ತರಿಸಿ ತೆಗೆದು, ಉಳಿದದ್ದರ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತಂದು, ಬಂದದ್ದೆಲ್ಲ ತುಂಬಿಕೊಳ್ಳಲೆಂದು ಅದಕ್ಕೊಂದು ರಬ್ಬರು ಚೀಲ ಕಟ್ಟಿದರು. ಓಟ ನಿಂತಿತು. ಹೆಬ್ಬಾಳದಿಂದ ಯಶವಂತಪುರಕ್ಕೆ ಬಸ್ಸಿನಲ್ಲಿ ಹೋಗಿ ಬಂದೆ. ಕೆಲಸವೇನಿರಲಿಲ್ಲ, ನಡುವೆ ಇಳಿದು ಓಡದೆ ದಾರಿಯುದ್ದಕ್ಕೂ ಕೂರಬಹುದಲ್ಲ ಎಂಬ ಸಂಭ್ರಮ. ಚೀಲದ ಒಂದೇ ದುರ್ಗುಣವೆಂದರೆ ಹೊತ್ತುಗೊತ್ತಿಲ್ಲದೆ ಸದ್ದು ಮಾಡುವುದು.

ಮತ್ತೆ ಸ್ಟೇಜು ಹತ್ತಬೇಕೆಂದು ನಿರ್ದೇಶಕ ಮುನಿರಾಜಣ್ಣನ ಬೆನ್ನು ಬಿದ್ದೆ. ಅವರು ನನ್ನ ಹೊಟ್ಟೆಯನ್ನೇ ನೋಡುತ್ತ, "ಹೆಣದ ಪಾರ್ಟು ಐತೆ. ಮಲ್ಕಂಡಿರ್ತೀಯಾ? ಅಲ್ಲಾಡಂಗಿಲ್ಲ. ಈ ಸಲಾನೂ ಓಡಿದ್ರೆ ತಂಡದ ಕಡೆ ತಲೆ ಹಾಕ್ಬೇಡ" ಎಂದರು.

ಹೆಣಕ್ಕೆಂಥ ಪಥ್ಯ ಎಂದು ನಾಟಕದ ದಿನ ಬೇಯಿಸಿದ ಕಡ್ಲೆಕಾಯಿ ಬಾರಿಸಿದೆ. ಪರದೆ ಸರಿಯಿತು. ನಾನು ಚಾಪೆಯ ಮೇಲೆ ಸತ್ತಿದ್ದೆ. ಮಗನ ಪಾತ್ರದ ಬಷೀರ್ "ಅಪ್ಪಾ" ಎಂದು ಗೋಳಿಟ್ಟು ನಿಲ್ಲಿಸಿದ. ಸಭೆ ಗಪ್‌ಚಿಪ್. ಆಗ ಚೀಲ ಗುರ್ರ್ ಎಂದು ಉದ್ದಕ್ಕೆ ಉತ್ತರ ಕೊಟ್ಟಿತು. ಮುಂದಿನ ಸಾಲಿನ ಅಜ್ಜಿಯೊಬ್ಬಳು, "ಇನ್ನೂ ಜೀವ ಐತೆ ಕಣ್ರಪ್ಪಾ, ಬಾಯಿಗೆ ನೀರು ಬಿಡಿ" ಎಂದಳು.

ಎದ್ದು ಓಡಿಬಿಡೋಣ ಅನ್ನಿಸಿತು. ಇಷ್ಟು ವರ್ಷ ಹೊಟ್ಟೆ ಓಡಿಸುತ್ತಿತ್ತು, ಈಗ ನಾಚಿಕೆಯ ಸರದಿ. ಬಷೀರ್ ನನ್ನ ಎದೆಯ ಮೇಲೆ ಬಿದ್ದು ಅಳುವವನಂತೆ, "ಅಲ್ಲಾಡ್ಬೇಡ ಮಗಾ" ಎಂದು ಕಿವಿಯಲ್ಲಿ ಹೇಳಿ, ಆಮೇಲೆ ಗಟ್ಟಿಯಾಗಿ ಕೇಳಿದ: "ಹೇಳಪ್ಪಾ, ಆಸ್ತಿ ನಂಗಾ, ಚಿಕ್ಕಪ್ಪಂಗಾ?"

ಚೀಲ ವಿವರವಾಗಿ ಹೇಳಿತು.

ಬಷೀರ್ ಚಿಕ್ಕಪ್ಪನ ಪಾತ್ರದವನತ್ತ ತಿರುಗಿದ: "ಕೇಳಿಸ್ಕೊಂಡ್ರಾ ಚಿಕ್ಕಪ್ಪ? ಎಲ್ಲಾ ನಂಗೇ ಅಂತೆ."

ಜನ ಬಿದ್ದು ಬಿದ್ದು ನಕ್ಕರು. ನಾನು ಕೊನೆಯವರೆಗೂ ಸತ್ತೇ ಇದ್ದೆ. ಪರದೆ ಬಿದ್ದ ಮೇಲೆ ಮುನಿರಾಜಣ್ಣ ಕೈಹಿಡಿದು ಎಬ್ಬಿಸಿ, "ಬರೋ ವರ್ಷ ಮಾತಿರೋ ಪಾರ್ಟೇ ಕೊಡ್ತೀನಿ ಕಣೋ" ಎಂದರು.

ಕೊಟ್ಟರು. ಈ ಸಲ ನಾನು ಹಾಸ್ಯದ ಶಾನುಭೋಗ. ಕಡ್ಲೆಕಾಯಿ ಮುಟ್ಟಲಿಲ್ಲ, ಒಂದು ಮಾತೂ ತಪ್ಪಲಿಲ್ಲ, ಚೀಲ ತುಟಿಪಿಟಕ್ಕೆನ್ನಲಿಲ್ಲ. ಯಾರೂ ನಗಲೂ ಇಲ್ಲ. ಮುಂದಿನ ಸಾಲಿನಿಂದ ಅದೇ ಅಜ್ಜಿ ಸೆರಗು ಕೊಡವಿಕೊಂಡು ಎದ್ದು, ಪಕ್ಕದವಳಿಗೆ ಹೇಳಿದಳು: "ಓದ್ವರ್ಸದ ಎಣಾನೇ ವಾಸಿ ಕಣಮ್ಮಿ. ಎಷ್ಟ್ ಚೆಂದಾಗ್ ಮಾತಾಡ್ತಿತ್ತು."