ಹೆಬ್ಬೆರಳಿನ ಹಾಜರಿ

ನೀರುಗಂಟಿಯ ಬಲಗೈ ಹೆಬ್ಬೆರಳು ಇಪ್ಪತ್ತೊಂಬತ್ತು ವರ್ಷ ಯಾರ ತಂಟೆಗೂ ಹೋಗದೆ ಬಾಳಿತ್ತು. ಊರಿನ ನಲವತ್ತಮೂರು ವಾಲ್ವುಗಳನ್ನು ಸರದಿ ಪ್ರಕಾರ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವುದು, ಸಂಜೆ ಹೆಂಡತಿ ಕೊಟ್ಟ ಲೋಟ ಹಿಡಿಯುವುದು, ಇಷ್ಟೇ ಅದರ ಪ್ರಪಂಚ. ಅಂಥ ಸಾಧು ಬೆರಳು ಒಂದೇ ಒಂದು ದಿನ ನಗರಕ್ಕೆ ಹೋಗಿ ತನ್ನ ಯಜಮಾನನನ್ನೇ ಮುಳುಗಿಸಿಬಿಟ್ಟಿತು.

ನಗರಕ್ಕೆ ಹೋಗುವಂತೆ ಮಾಡಿದ್ದು ಹುಲ್ಲು. ಪುರಸಭೆಯ ಅಧ್ಯಕ್ಷರು ಮನೆಯ ಮುಂದೆ ಹೊಸದಾಗಿ ಹುಲ್ಲುಹಾಸು ಹಾಸಿಸಿದ್ದರು. ಆ ಹುಲ್ಲಿಗೆ ಮೂರು ಬೀದಿಯ ಬಾಯಾರಿಕೆ. ಕೆಳಗಿನ ಬೀದಿಯ ಸರದಿಯಲ್ಲಿ ಅರ್ಧ ಗಂಟೆ ಕತ್ತರಿಸಿ ಈ ಕಡೆ ಬಿಡು ಎಂದು ಅಧ್ಯಕ್ಷರ ಮನೆಯಿಂದ ಹೇಳಿಕೆ ಬಂತು. ಕೆಳಗಿನ ಬೀದಿಯಲ್ಲಿ ಒಂದು ಕೊಡ ತುಂಬಲು ಹೆಂಗಸರು ಎರಡು ಗಂಟೆ ಕಾಯುವುದನ್ನು ದಿನಾ ನೋಡುವ ನೀರುಗಂಟಿಗೆ ತಲೆ ಕೆಟ್ಟಿತು.

“ಹುಲ್ಲಿಗೆ ಅಷ್ಟು ಬಾಯಾರಿಕೆಯಾದ್ರೆ ಕೊಡ ತಗೊಂಡು ಸಾಲಲ್ಲಿ ನಿಂತ್ಕೊಳ್ಲಿ, ಅದರ ಸರದಿ ಬಂದಾಗ ಬಿಡ್ತೀನಿ” ಎಂದುಬಿಟ್ಟ.

ಎಂಟನೇ ದಿನಕ್ಕೆ ವರ್ಗಾವಣೆಯ ಕಾಗದ ಬಂತು. ‘ಆಡಳಿತದ ಹಿತದೃಷ್ಟಿಯಿಂದ’ ನಗರದ ಕೇಂದ್ರ ಕಚೇರಿಗೆ! ತಿರುಗಿಸಲು ಒಂದೇ ಒಂದು ವಾಲ್ವಿಲ್ಲದ, ಬರೀ ಕಡತಗಳಿರುವ ಏಳು ಮಹಡಿಯ ಕಟ್ಟಡಕ್ಕೆ. ಅವನ ಜಾಗಕ್ಕೆ ಬರುವವನು ಅಧ್ಯಕ್ಷರ ಬಾಮೈದ. ಆ ಬಾಮೈದ ಜೀವಮಾನದಲ್ಲಿ ತಿರುಗಿಸಿದ್ದು ಮೀಸೆ ಮಾತ್ರ.

ಹಾಜರಾಗಲು ಕೊಟ್ಟ ಗಡುವು ನಾಳೆ. ರದ್ದಾಗುವುದಿದ್ದರೆ ಅದಕ್ಕೆ ಮುಂಚೆಯೇ, ಎಂದರೆ ಇವತ್ತೇ, ಕೇಂದ್ರ ಕಚೇರಿಯ ದೊಡ್ಡ ಮೇಡಂ ಅವರನ್ನು ಮಧ್ಯಾಹ್ನ ಒಂದು ಗಂಟೆಯೊಳಗೆ ಖುದ್ದಾಗಿ ಕಾಣಬೇಕು. ಕೆಳಗಿನ ಬೀದಿಯ ಇನ್ನೂರ ಹನ್ನೆರಡು ಜನರ ಸಹಿಯಿದ್ದ ಅರ್ಜಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ನೀರುಗಂಟಿ ಮೊದಲ ಬಸ್ಸು ಹತ್ತಿದ.

“ಸಂಜೆ ಐದರ ಬಸ್ಸಿಗೆ ಬಂದುಬಿಡಿ” ಎಂದಳು ಹೆಂಡತಿ. “ಆ ಊರು ನಿಮಗೆ ಆಗಿಬರಲ್ಲ.”

ಆಗಿಬರುವ ಮಾತು ಹಾಗಿರಲಿ, ಬಸ್ಸಿಳಿದು ಮೊದಲ ಉಸಿರು ಎಳೆಯುತ್ತಿದ್ದಂತೆ ಸೀನು ಶುರುವಾಯಿತು. ಷಡ್ಡಕನ ಆರನೇ ಮಹಡಿಯ ಮನೆ ಮುಟ್ಟುವಷ್ಟರಲ್ಲಿ ಹದಿನೇಳಾಗಿತ್ತು. ಕತ್ತಿನ ಸುತ್ತ ತುರಿಕೆ ಎದ್ದಿತ್ತು. ಮುಖ ತೊಳೆಯೋಣವೆಂದು ನಲ್ಲಿ ತಿರುಗಿಸಿದರೆ ಅದು ಮೊದಲು ಕೆಮ್ಮಿತು, ಆಮೇಲೆ ಉಗುಳಿತು. ನೀರಿಗೆ ಆಸ್ಪತ್ರೆಯ ನೆಲ ಒರೆಸಿದ ವಾಸನೆ.

“ಈ ನೀರು ಬಿಡೋನು ಯಾರಮ್ಮ?” ಎಂದು ನಾದಿನಿಯನ್ನು ಕೇಳಿದ.

“ಯಾರೂ ಇಲ್ಲ ಭಾವ. ಇಲ್ಲೆಲ್ಲ ತಾನೇ ಬರುತ್ತೆ.”

“ಅದಕ್ಕೇ ಹೀಗೆ ಬರ್ತಿದೆ.”

ಷಡ್ಡಕ ಕೇಂದ್ರ ಕಚೇರಿಯ ಎದುರಿಗೇ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಇಡೀ ಇಲಾಖೆ ತನ್ನ ಯಂತ್ರದ ಗಾಜಿನ ಮೇಲೆ ಮಲಗಿ ಎದ್ದು ಹೋಗುತ್ತದೆ ಎಂಬ ಠೀವಿ ಅವನದು. “ನಾನಿದೀನಲ್ಲ ಅಣ್ಣ!” ಎನ್ನುವುದು ಅವನ ಉಸಿರಾಟದ ಸದ್ದು. ನೀರುಗಂಟಿಯ ಕಾಲಿನಲ್ಲಿದ್ದ ಚಪ್ಪಲಿ ಕಂಡು ಅವನಿಗೆ ತಡೆಯಲಾಗಲಿಲ್ಲ.

“ಇದನ್ನ ಹಾಕ್ಕೊಂಡು ಹೋದ್ರೆ ನಿಮ್ಮನ್ನ ಯಾರು ಮಾತಾಡಿಸ್ತಾರೆ? ತಗೊಳ್ಳಿ, ನನ್ನ ಶೂ.”

ಶೂ ಎರಡು ಅಳತೆ ಚಿಕ್ಕದು. ನೀರುಗಂಟಿ ಬಿಸಿ ಹೆಂಚಿನ ಮೇಲೆ ಬಿದ್ದ ಬೆಕ್ಕಿನ ಹಾಗೆ ಹೆಜ್ಜೆ ಹಾಕುತ್ತ, ಸೀನುತ್ತ, ತುರಿಸಿಕೊಳ್ಳುತ್ತ ಕಚೇರಿ ತಲುಪಿದಾಗ ಹತ್ತೂವರೆ.

ಕಚೇರಿಗೆ ಎರಡು ಬಾಗಿಲು. ಎಡಗಡೆ ಹೊರಗಿನವರದು. ಒಂದು ಪುಸ್ತಕದಲ್ಲಿ ಹೆಸರು ಬರೆದು ಒಳಗೆ ಹೋಗಬಹುದು. ಆದರೆ ಆ ಪುಸ್ತಕಕ್ಕೆ ಇದ್ದ ಸಾಲು ಗೋಡೆ ಹಿಡಿದು ಹೊರಟು ಮೂಲೆ ತಿರುಗಿ ಕಾಣೆಯಾಗಿತ್ತು. ಬಲಗಡೆ ಸಿಬ್ಬಂದಿಯದು. ಅಲ್ಲಿ ಸಾಲಿಲ್ಲ, ಹೆಬ್ಬೆರಳಿಟ್ಟರೆ ಗೇಟು ತೆಗೆಯುವ ಒಂದು ಯಂತ್ರ ಮಾತ್ರ.

ನೀರುಗಂಟಿ ಎಡಕ್ಕೆ ನಡೆದ. ಷಡ್ಡಕ ತೋಳು ಹಿಡಿದು ಎಳೆದ.

“ನೀವು ಇಲಾಖೆಯೋರು ಅಣ್ಣ. ಹೊರಗಿನೋರ ಸಾಲಲ್ಲಿ ನಿಲ್ತೀರಾ? ನನ್ನ ಮರ್ಯಾದೆ ಏನಾಗ್ಬೇಕು? ಗೇಟಿನೋನು ನಮ್ಮೋನೇ, ನಡೀರಿ.”

ಗೇಟಿನವನು ದೊಡ್ಡ ಹೊಟ್ಟೆಯ, ದೊಡ್ಡ ಮನಸ್ಸಿನ ಆಸಾಮಿ. ಪರದೆಯ ಮೇಲೆ ಹೆಸರು ಹುಡುಕಿ ಬಾಯ್ತುಂಬ ನಕ್ಕ. “ಇದೆಯಲ್ಲ ಯಜಮಾನ್ರೇ! ನಿಮ್ಮ ಹೆಸರು ಆಗಲೇ ಬಂದು ಇಲ್ಲಿ ಕೂತಿದೆ, ನೀವೇ ತಡ. ಒಂದ್ಸಲ ಬೆರಳಿಟ್ಬಿಡಿ.”

ಎರಡು ವರ್ಷದ ಹಿಂದೆ ಇಲಾಖೆಯವರು ಊರೂರಿಗೆ ಬಂದು ಎಲ್ಲರ ಬೆರಳಚ್ಚು ತೆಗೆದುಕೊಂಡು ಹೋಗಿದ್ದು ನೀರುಗಂಟಿಗೆ ನೆನಪಾಯಿತು. ಬೆರಳಿಟ್ಟ.

“ಗುರುತು ಸಿಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ” ಎಂದಿತು ಯಂತ್ರ, ಹೆಣ್ಣಿನ ದನಿಯಲ್ಲಿ, ಹೆಣ್ಣು ನೋಡಲು ಬಂದವರಿಗೆ ಬೇಡ ಎನ್ನುವಷ್ಟು ನಯವಾಗಿ.

ಮತ್ತೆ ಇಟ್ಟ. ಗುರುತು ಸಿಗಲಿಲ್ಲ. ಗೇಟಿನವನು ಬೆರಳನ್ನು ಬೆಳಕಿಗೆ ಹಿಡಿದು ನೋಡಿ ಗಾಬರಿಯಾದ. “ಇದರಲ್ಲಿ ಗೆರೆಗಳೇ ಇಲ್ವಲ್ರೀ! ಹೊಳೆಯಲ್ಲಿ ಬಿದ್ದ ಕಲ್ಲಾಗಿದೆ.”

ಇಪ್ಪತ್ತೊಂಬತ್ತು ವರ್ಷ ತುಕ್ಕು ಕಬ್ಬಿಣ ತಿರುಗಿಸಿ, ನೀರಲ್ಲಿ ನೆಂದು, ಬಿಸಿಲಲ್ಲಿ ಒಣಗಿದ ಬೆರಳು. ಗೆರೆಗಳೆಲ್ಲ ನಲವತ್ತಮೂರು ವಾಲ್ವುಗಳಿಗೆ ಹಂಚಿಹೋಗಿದ್ದವು.

ಅಷ್ಟರಲ್ಲಿ ಕಾರಿನಿಂದಿಳಿದ ಒಬ್ಬ ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಬಂದು, ಯಂತ್ರದ ಕಡೆ ನೋಡದೆ ಬೆರಳು ಮುಟ್ಟಿಸಿದರು. “ಧನ್ಯವಾದ” ಎಂದು ಗೇಟು ಬಾಯಿಬಿಟ್ಟಿತು.

“ನೋಡಿದ್ರಾ?” ಗೇಟಿನವನು ಮೆಚ್ಚಿ ತಲೆದೂಗಿದ. “ಬೆರಳು ಅಂದ್ರೆ ಅದು! ಮೂವತ್ತು ವರ್ಷದ ಸರ್ವೀಸು, ಒಂದು ಗೆರೆ ಸವೆದಿಲ್ಲ.”

ಹನ್ನೊಂದಾಯಿತು. ನೀರುಗಂಟಿ ಸೋತು, “ಬಿಡಪ್ಪ, ಆ ಸಾಲಲ್ಲೇ ನಿಲ್ತೀನಿ” ಎಂದ. ಷಡ್ಡಕ ಬಿಡಬೇಕಲ್ಲ. “ನಾನಿದೀನಲ್ಲ ಅಣ್ಣ!” ಎಂದು ಓಡಿಹೋಗಿ ನಿಂಬೆಹಣ್ಣು ತಂದು ಬೆರಳಿಗೆ ತಿಕ್ಕಿದ. ಅಂಗೈಯಲ್ಲಿದ್ದ ಹಳೆಯ ಗಾಯಕ್ಕೆ ರಸ ಇಳಿದು ನೀರುಗಂಟಿ ಶೂ ಸಮೇತ ಕುಣಿದ. ಯಂತ್ರ ಒಪ್ಪಲಿಲ್ಲ. ಈ ಹೊತ್ತಿಗೆ ಒಳಗಿನಿಂದ ಜನ ಸೇರತೊಡಗಿದ್ದರು. ಕೆಲಸದ ಹೊತ್ತಿನಲ್ಲಿ ಇಂಥದೊಂದು ಸಿಕ್ಕರೆ ಬಿಡುವ ಕಚೇರಿ ಯಾವುದಿದೆ?

“ನಿಂಬೆಹಣ್ಣು ಹಾಕಿದ್ರೆ ಇರೋದೂ ಹೋಗುತ್ತೆ. ಈ ಕ್ರೀಮ್ ಹಚ್ಚಿ” ಎಂದು ಟಪಾಲು ವಿಭಾಗದ ಮೇಡಂ ತಮ್ಮ ಚೀಲದಿಂದ ಡಬ್ಬಿ ತೆಗೆದರು.

“ಕ್ರೀಮ್ ಹಚ್ಚಿದ್ರೆ ಜಾರುತ್ತೆ ಮೇಡಂ. ಸ್ವಲ್ಪ ಹಿಟ್ಟು ಉದುರಿಸ್ಬೇಕು” ಎಂದಳು ಕ್ಯಾಂಟೀನಿನ ಅಕ್ಕ. ಅವಳ ಬೆರಳನ್ನೂ ಯಂತ್ರ ಮೂರು ದಿನಕ್ಕೊಮ್ಮೆ ಗುರುತಿಸುತ್ತಿತ್ತು, ಅದೂ ಅದರ ಮರ್ಜಿ ಇದ್ದರೆ.

ನಿಂಬೆಹಣ್ಣು, ಕ್ರೀಮು, ಹಿಟ್ಟು ಮೂರೂ ಸೇರಿ ಹೆಬ್ಬೆರಳು ಎಣ್ಣೆಗೆ ಬಿಡಲು ತಯಾರಾದ ತಿಂಡಿಯಂತಾಯಿತು. ಗುರುತು ಸಿಗಲಿಲ್ಲ. ಹನ್ನೊಂದೂ ಮುಕ್ಕಾಲು. ನೀರುಗಂಟಿಯ ತಾಳ್ಮೆ ಹರಿಯಿತು. ಬೆರಳನ್ನು ಅಂಗಿಗೆ ಒರೆಸಿಕೊಂಡ. ಎಲ್ಲರನ್ನೂ ಹಿಂದಕ್ಕೆ ಸರಿಸಿದ. ಜಾಮಾದ ಹಳೆಯ ವಾಲ್ವಿನ ಮುಂದೆ ನಿಲ್ಲುವಂತೆ ಯಂತ್ರದ ಮುಂದೆ ನಿಂತು, ಬೆರಳಿಟ್ಟು, ಒತ್ತದೆ, ಮೆಲ್ಲಗೆ ಬಲಕ್ಕೆ ಕಾಲು ಸುತ್ತು ಹೊರಳಿಸಿದ.

“ಧನ್ಯವಾದ!”

ಗೇಟು ತೆರೆಯಿತು. ಚಪ್ಪಾಳೆಯೋ ಚಪ್ಪಾಳೆ. ಕ್ಯಾಂಟೀನಿನ ಅಕ್ಕ ಕಣ್ಣೊರೆಸಿಕೊಂಡಳು. ಷಡ್ಡಕ ಹೊರಗಿನಿಂದ, “ನಾನು ಹೇಳ್ಲಿಲ್ವಾ!” ಎಂದು ಕೂಗಿದ. ಏನು ಹೇಳಿದ್ದನೋ ಅವನಿಗೇ ಗೊತ್ತಿರಲಿಲ್ಲ.

ಆಮೇಲೆ ಎಲ್ಲವೂ ಇಳಿಜಾರಿನ ನೀರು. ದೊಡ್ಡ ಮೇಡಂ ಅರ್ಜಿಯನ್ನು ಪೂರ್ತಿ ಓದಿದರು. ಇನ್ನೂರ ಹನ್ನೆರಡು ಸಹಿಗಳಲ್ಲಿ ನೂರ ನಲವತ್ತು ಹೆಬ್ಬೆಟ್ಟುಗಳಿದ್ದವು. ಒಂದೊಂದನ್ನೂ ನೋಡಿದರು.

“ಹುಲ್ಲಿಗೆ ಸಾಲಲ್ಲಿ ನಿಲ್ಲು ಅಂದ್ರಂತೆ?”

“ಸಿಟ್ಟಲ್ಲಿ ಅಂದುಬಿಟ್ಟೆ ಮೇಡಂ. ತಪ್ಪಾಗಿದ್ರೆ...”

“ತಪ್ಪೇನಿದೆ? ಕುಡಿಯೋ ನೀರನ್ನ ಹುಲ್ಲಿಗೆ ಬಿಡದೇ ಇದ್ದಿದ್ದಕ್ಕೆ ವರ್ಗಾವಣೆಯಾ?” ಎಂದವರೇ ‘ರದ್ದು’ ಎಂದು ಬರೆದು ಕಾಗದ ಸೀಳುವಷ್ಟು ಒತ್ತಿ ಸಹಿ ಹಾಕಿದರು. “ಟಪಾಲಿನಲ್ಲಿ ಮೊಹರು ಹಾಕಿಸ್ಕೊಂಡು ಊರಿಗೆ ಹೋಗಿ, ನೀರು ಬಿಡಿ.”

ನೀರುಗಂಟಿಗೆ ಸೀನು ನಿಂತಿತು. ತುರಿಕೆ ನಿಂತಿತು. ಶೂ ಕೂಡ ಒಂದು ಅಳತೆ ದೊಡ್ಡದಾದಂತೆನಿಸಿತು. ಕಿಟಕಿಯಾಚೆಯ ನಗರ ಅಷ್ಟೇನೂ ಕೆಟ್ಟದ್ದಲ್ಲವೆಂದು ಮೊದಲ ಸಲ ಅನಿಸಿತು.

ಊಟಕ್ಕೆ ಹೋಗಿದ್ದ ಟಪಾಲು ಮೇಡಂ ಮೂರೂವರೆಗೆ ಬಂದು, ಹಳೆಯ ಸ್ನೇಹಿತನನ್ನು ಕಂಡಂತೆ ನಕ್ಕು ಕಾಗದ ತೆಗೆದುಕೊಂಡರು. ಮೊಹರು ಎತ್ತಿದರು. ಕಂಪ್ಯೂಟರಿನಲ್ಲಿ ನಂಬರು ಒತ್ತಿದರು. ಎತ್ತಿದ ಮೊಹರು ಎತ್ತಿದಲ್ಲೇ ನಿಂತಿತು.

“ಯಜಮಾನ್ರೇ, ಇದನ್ನ ಹೊರಡಿಸೋಕಾಗಲ್ಲ. ನೀವು ಹನ್ನೊಂದು ನಲವತ್ತೇಳಕ್ಕೇ ಹಾಜರಾಗಿದೀರಲ್ಲ.”

“ಎಲ್ಲಿಗೆ?”

“ಇಲ್ಲಿಗೇ. ಕೆಲಸಕ್ಕೆ. ಸಿಬ್ಬಂದಿ ಯಂತ್ರದಲ್ಲಿ ಬೆರಳು ಬಿತ್ತು ಅಂದ್ರೆ ಹೊಸ ಜಾಗಕ್ಕೆ ಹಾಜರಾದ ಹಾಗೆ. ಆ ಕ್ಷಣವೇ ನಿಮ್ಮ ಊರಿನ ಜಾಗ ಖಾಲಿ ಅಂತ ಅಲ್ಲಿಗೆ ತಿಳಿಸಿಯೂ ಆಗಿದೆ.”

“ನಾನು ಬಂದಿದ್ದೇ ಬರೋಕಾಗಲ್ಲ ಅಂತ ಹೇಳೋಕಲ್ವಾ ಮೇಡಂ!”

“ಬೆರಳು ಹಾಗೆ ಹೇಳಿಲ್ಲವಲ್ಲ” ಎಂದ ಮೇಡಂ ಪಾಪಪ್ರಜ್ಞೆಯಿಂದ ಡಬ್ಬಿಯಿದ್ದ ಚೀಲವನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದರು.

ನೀರುಗಂಟಿ ದೊಡ್ಡ ಮೇಡಂ ಕೋಣೆಗೆ ವಾಪಸು ಓಡಿದ. ಅವರು ಕೇಳಿ ತಲೆಗೆ ಕೈ ಹಚ್ಚಿದರು.

“ಹಾಜರಾಗದೇ ಇರೋರ ವರ್ಗಾವಣೆ ರದ್ದು ಮಾಡೋ ಅಧಿಕಾರ ನನಗಿದೆ. ಹಾಜರಾದ್ಮೇಲೆ ಮೂರು ವರ್ಷ ಯಾರೂ ಮುಟ್ಟೋ ಹಾಗಿಲ್ಲ. ನೀವು ಆ ಎಡಗಡೆ ಬಾಗಿಲಲ್ಲಿ ಬಂದಿದ್ರೆ...”

“ಆ ಯಂತ್ರಕ್ಕೆ ಒಂದು ಮಾತು ಹೇಳಿ ಮೇಡಂ, ತಪ್ಪಾಯ್ತು ಅಂತ.”

“ಅದು ನನ್ನ ಮಾತನ್ನೂ ಕೇಳಲ್ಲ.” ಕಾಗದ ಪಕ್ಕಕ್ಕಿಟ್ಟು ಕೇಳಿದರು, “ಅದಿರಲಿ, ಆ ಬೆರಳು ಹಿಡಿಸಿದ್ದು ಹೇಗೆ?”

ನೀರುಗಂಟಿ ಮೇಜಿನ ಮೇಲೆ ಕಾಲು ಸುತ್ತು ತಿರುಗಿಸಿ ತೋರಿಸಿದ.

“ಗುಡಿಸೋರು, ಪೈಪಿನೋರು, ಕ್ಯಾಂಟೀನಿನೋರು ಅಂತ ಅರವತ್ತನಾಲ್ಕು ಜನ ಇದಾರೆ. ದಿನಾ ಎಡಗಡೆ ಬಾಗಿಲಲ್ಲಿ ಹೆಸರು ಬರೆದು ಬರ್ತಾರೆ, ದುಡೀತಾರೆ, ದಿನಾ ಗೈರುಹಾಜರು. ಗೆರೆ ಸವೆದಿದೆಯಂತೆ. ಕೆಲಸ ಮಾಡಿದ ಬೆರಳೇ ಕೆಲಸಕ್ಕೆ ಬಂದಿಲ್ಲ ಅನ್ನುತ್ತೆ ಆ ಯಂತ್ರ. ನಾಳೆಯಿಂದ ನೀವು ಗೇಟಲ್ಲಿ ನಿಂತು ಅವರ ಬೆರಳು ಹಿಡಿಸ್ಕೊಡಿ. ನಿಮಗೆ ಕೊಡೋಕೆ ಇಲ್ಲಿ ಬೇರೆ ವಾಲ್ವಿಲ್ಲ.”

ಹೀಗೆ ನಲವತ್ತಮೂರು ವಾಲ್ವುಗಳ ಒಡೆಯ ಅರವತ್ತನಾಲ್ಕು ಹೆಬ್ಬೆರಳುಗಳ ಪಾಲಾದ. ಹೊರಬಂದವನಿಗೆ ಒಟ್ಟಿಗೆ ಹನ್ನೊಂದು ಸೀನು ಬಂದವು. ಸೀನು ಮುಗಿಯುವಷ್ಟರಲ್ಲಿ ಹೆಂಡತಿಯ ಫೋನು.

“ಏನಾಯ್ತು ರೀ?”

“ರದ್ದಾಯ್ತು.”

“ಹಾಗಾದ್ರೆ ಐದರ ಬಸ್ಸಿಗೆ ಬರ್ತಿದೀರಾ?”

“ರದ್ದಾಗಿದ್ದೂ ರದ್ದಾಯ್ತು ಕಣೇ.”

“ಬೇಗ ಬಂದು ಏನಾದ್ರೂ ಮಾಡಿ. ಹನ್ನೆರಡು ಗಂಟೆಯಿಂದ ಅಧ್ಯಕ್ಷರ ಬಾಮೈದ ಹುಲ್ಲಿಗೆ ನೀರು ಬಿಟ್ಟವನು ನಿಲ್ಲಿಸೋದು ಹೇಗೆ ಅಂತ ಗೊತ್ತಾಗದೆ ಬೀದಿಯಲ್ಲಿ ಓಡಾಡ್ತಿದಾನೆ. ಹುಲ್ಲು ಮುಳುಗಿ ನೀರು ಅವರ ವರಾಂಡ ಹತ್ತಿದೆ. ಕೆಳಗಿನ ಬೀದಿಯ ಕೊಡಗಳು ಬೆಳಿಗ್ಗೆ ಇಟ್ಟಲ್ಲೇ ಇವೆ. ಎಲ್ಲರೂ ನಮ್ಮ ಮನೆ ಮುಂದೆ ಕೂತಿದಾರೆ, ನೀವು ಬರ್ತೀರಿ ಅಂತ.”

ನೀರುಗಂಟಿ ಶೂ ಕಿತ್ತು ಕೈಯಲ್ಲಿ ಹಿಡಿದುಕೊಂಡ. ರಜೆಯಾದರೂ ಸರಿ, ಓಡಿಹೋದನೆಂದು ಬರೆದುಕೊಂಡರೂ ಸರಿ, ಇವತ್ತು ಆ ವಾಲ್ವು ತಾನೇ ತಿರುಗಿಸುವುದು ಎಂದು ಬರಿಗಾಲಲ್ಲಿ ಗೇಟಿಗೆ ಬಂದ. ನಾಲ್ಕೂವರೆ. ರಸ್ತೆಯಾಚೆ ಊರಿನ ಬಸ್ಸು ಹೊಗೆ ಬಿಡುತ್ತ ನಿಂತಿತ್ತು.

“ಹೊರಗೆ ಹೋಗೋಕೂ ಬೆರಳು ಯಜಮಾನ್ರೇ” ಎಂದ ಗೇಟಿನವನು. “ಸಿಬ್ಬಂದಿಯಲ್ವಾ ನೀವೀಗ! ಎಡಗಡೆ ಬಾಗಿಲು ಪುಸ್ತಕದಲ್ಲಿ ಹೆಸರು ಬರೆದು ಬಂದೋರಿಗೆ ಮಾತ್ರ.”

ನೀರುಗಂಟಿ ಬೆರಳಿಟ್ಟು ಬಲಕ್ಕೆ ಕಾಲು ಸುತ್ತು ಹೊರಳಿಸಿದ. ಗುರುತು ಸಿಗಲಿಲ್ಲ. ಎಡಕ್ಕೆ ಹೊರಳಿಸಿದ. ಗುರುತು ಸಿಗಲಿಲ್ಲ. ಅರ್ಧ ಸುತ್ತು, ಮುಕ್ಕಾಲು ಸುತ್ತು. ಕೊನೆಗೆ ಯಂತ್ರದ ಮುಖಕ್ಕೇ ಸೀನಿದ.

“ಮತ್ತೊಮ್ಮೆ ಪ್ರಯತ್ನಿಸಿ” ಎಂದಿತು ಅದು, ಬೆಳಗಿನಷ್ಟೇ ನಯವಾಗಿ.

ಐದಕ್ಕೆ ಬಸ್ಸು ಹಾರನ್ ಹೊಡೆದು ಹೊರಟಿತು. ಕಂಬಿಯಾಚೆ, ಜೆರಾಕ್ಸ್ ಅಂಗಡಿಯಿಂದ ಯಾರೋ ಎದ್ದು ಓಡೋಡಿ ಬರುತ್ತಿದ್ದರು. ಅವರ ಕೈಯಲ್ಲಿ ಏನೋ ಹಳದಿಯಾಗಿ ಹೊಳೆಯುತ್ತಿತ್ತು.

“ನಾನಿದೀನಲ್ಲ ಅಣ್ಣ! ಈ ಸಲ ಎರಡು ನಿಂಬೆಹಣ್ಣು ತಂದಿದೀನಿ!”