ಆಡುಸೋಗೆ ತಂದ ಕಂಠ

ಬೆಳಿಗ್ಗೆ ಎದ್ದು ಕಂಠಣ್ಣ ಬಾಯಿ ತೆರೆದರೆ ಬರೀ ಗಾಳಿ ಹೊರಬಂತು. ಹಿಂದಿನ ಸಂಜೆ ಬೆವರು ಆರುವ ಮುಂಚೆ ಗಟಗಟನೆ ಐಸ್ ನೀರು ಕುಡಿದದ್ದೇ ಎಡವಟ್ಟಾಗಿತ್ತು. ಬೇರೆಯವರಾಗಿದ್ದರೆ ಒಂದು ದಿನ ಬಾಯಿ ಮುಚ್ಚಿಕೊಂಡಿರುತ್ತಿದ್ದರು, ಮನೆಯವರಿಗೂ ನೆಮ್ಮದಿ. ಆದರೆ ಇವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಕೂಗುವವನು, ಊರಿಗೆಲ್ಲ ಕಂಠಣ್ಣ. ಡಿಪೋದ ಹೊಸ ಸಾಹೇಬರು ಅವನ ಕೂಗು ಕೇಳಿ, ದಿನಗೂಲಿಯ ಕೆಲಸ ಕಾಯಂ ಮಾಡುವುದೋ ಬೇಡವೋ ಎಂದು ಹೇಳುವುದೂ ಆವತ್ತೇ!

ಮೊದಲ ಬಸ್ಸಿಗೆ ಅವನು ಹೊರಡಿಸಿದ ಸದ್ದು ಕೇಳಿ, ಯಾವುದೋ ಬಸ್ಸಿನ ಬ್ರೇಕು ಕೆಟ್ಟಿದೆಯೆಂದು ಪ್ರಯಾಣಿಕರು ದಿಕ್ಕಾಪಾಲಾಗಿ ಓಡಿದರು.

"ಸಾಹೇಬ್ರು ಬರೋದ್ರೊಳಗೆ ಗಂಟಲು ಬಿಡಿಸ್ತೀನಿ ಇರು," ಎಂದು ಟೀ ಅಂಗಡಿಯವನು ನಿಲ್ದಾಣದ ಗೋಡೆಯ ಹಿಂದೆ ತಾನೇತಾನಾಗಿ ಬೆಳೆದ ಆಡುಸೋಗೆಯನ್ನು ತಬ್ಬಿನಷ್ಟು ಕಿತ್ತು ತಂದ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಈ ಸೊಪ್ಪನ್ನು ಮಾತ್ರ ಆಡೂ ಮೂಸಿ ಮುಂದೆ ಹೋಗುತ್ತದೆ. ಅಷ್ಟು ಕಹಿ!

"ಮೆಣಸು ಹಾಕಿ ಕುದಿಸಿದ್ರೆ ಆಯ್ತು," ಎಂದು ಅವನು ಕಷಾಯಕ್ಕೆ ನೀರಿಟ್ಟ.

"ಕುದಿಸಿದ್ರೆ ಸತ್ವ ಎಲ್ಲಿರುತ್ತಪ್ಪ? ಹಸಿಹಸಿ ಅಗೀಬೇಕು," ಎಂದು ಅಲ್ಲೇ ಬಸ್ಸು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕು ಕಂಠಣ್ಣನ ಬಾಯಿಗೆ ಎಲೆ ತುರುಕಿಯೇಬಿಟ್ಟ.

ಅಷ್ಟರಲ್ಲಿ ಸುದ್ದಿ ಮುಟ್ಟಿ, ಕಂಠಣ್ಣನ ಅತ್ತೆ ಜೇನಿನ ಸೀಸೆ ಹಿಡಿದು ಹಾಜರ್. "ಉಗೀರಿ ಅದನ್ನ! ಸೊಪ್ಪು ಹಬೇಲಿ ಬಾಡಿಸಿ, ರಸ ಹಿಂಡಿ, ಜೇನಲ್ಲಿ ಕೊಡಬೇಕು. ನಮ್ಮಜ್ಜಿ ಎಂಥೆಂಥ ಕೆಮ್ಮು ಓಡಿಸಿದ್ರು ಇದ್ರಲ್ಲಿ! ಅಳಿಯಂದ್ರೇ, ಬಾಯಿ ತೆಗೀರಿ."

ಎದುರಾಡಲು ಅವನಿಗೆ ದನಿಯಿರಲಿಲ್ಲ. ಅತ್ತೆಯ ಮುಂದೆ ಯಾವತ್ತೂ ಇರಲಿಲ್ಲ ಅನ್ನಿ. ಎಲೆ, ಕಷಾಯ, ರಸ ಮೂರೂ ಒಂದರ ಹಿಂದೊಂದು ಇಳಿದವು. ಮುಖ ಹಿಂಡಿದ ಬಟ್ಟೆಯಂತಾಯಿತು.

ಸಾಹೇಬರು ಬಂದರು. ಕೈಯಲ್ಲಿ ಮೊಬೈಲು. "ಹೂಂ, ಕೂಗಿ ನೋಡೋಣ."

ಕಂಠಣ್ಣ ಕಣ್ಣು ಮುಚ್ಚಿ ಬಾಯಿ ತೆರೆದ. ಅಬ್ಬಬ್ಬಾ, ಎಂಥ ದನಿ! ಸೂರಿನ ಪಾರಿವಾಳಗಳೆಲ್ಲ ಭರ್ರನೆ ಹಾರಿದವು. ನಿದ್ದೆಹೊಡೆಯುತ್ತಿದ್ದ ಡ್ರೈವರು ದಡಬಡಿಸಿ ಎದ್ದು ಬಸ್ಸು ಹೊರಡಿಸಿದ.

"ಎಲ್ಲಾ ಬಸ್ಸೂ ಕೂಗಿ, ಒಂದೂ ಬಿಡಬೇಡಿ," ಎಂದು ಸಾಹೇಬರು ಮೊಬೈಲನ್ನು ಅವನ ಬಾಯಿಯ ಹತ್ತಿರ ತಂದರು. ಕಂಠಣ್ಣನಿಗೆ ಹುರುಪೇರಿತು. ಎಲ್ಲಾ ಊರು, ಎಲ್ಲಾ ಬಸ್ಸು, ಕೊನೆಗೆ 'ಜೇಬು ಜೋಪಾನ'ದವರೆಗೂ ಕೂಗಿ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಟೀ ಅಂಗಡಿಯವನು "ನನ್ನ ಕಷಾಯ!" ಎಂದರೆ, ಮೆಕ್ಯಾನಿಕ್ಕು "ನನ್ನ ಎಲೆ!" ಎಂದ. ಅತ್ತೆ ಮಾತ್ರ ಮದುವೆಯಾದಾಗಿನಿಂದ ಮೊದಲ ಸಲ, "ನಮ್ಮ ಅಳಿಯ!" ಎಂದು ಎಲ್ಲರಿಗೂ ತೋರಿಸಿದರು. ಕಂಠಣ್ಣನ ಎದೆ ಉಬ್ಬಿತು.

ಸಾಹೇಬರು ಮೊಬೈಲನ್ನು ಜೇಬಿಗಿಳಿಸಿ ಅವನ ಕೈ ಕುಲುಕಿದರು. "ಭೇಷ್! ಇಂಥ ದನಿ ಎಲ್ಲೂ ಸಿಗಲ್ಲ. ಪೂರ್ತಿ ರೆಕಾರ್ಡ್ ಮಾಡ್ಕೊಂಡಿದ್ದೀನಿ. ನಾಳೆಯಿಂದ ಯಂತ್ರಾನೇ ಇದನ್ನ ಕೂಗುತ್ತೆ. ನೀವು ಆರಾಮಾಗಿ ಮನೇಲಿರಿ."

ಕಂಠಣ್ಣ ಬಾಯಿ ತೆರೆದ. ಬರೀ ಗಾಳಿ ಹೊರಬಂತು.

"ಅಯ್ಯೋ, ಮತ್ತೆ ಕಟ್ಕೊಂಡ್ತಾ?" ಅತ್ತೆ ಓಡಿಬಂದರು. "ಬಾಯಿ ಹಾಗೇ ಇರ್ಲಿ ಅಳಿಯಂದ್ರೇ, ಇನ್ನೂ ಒಂದು ಲೋಟ ರಸ ಉಳಿದಿದೆ."